ಮಗಳಿಗೊಂದು ಪತ್ರ: ಅಜ್ಜ ಎಸೆದ ಸರಪಳಿ

ಸಾಗರ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾಳೆ ಬೆಳಿಗ್ಗೆ ನೀನು ವಿದ್ಯುತ್ ವಿಭಾಗದ ಸಹಾಯಕ ಎಂಜಿನಿಯರ್ ಆಗಿ ಕೆಲಸಕ್ಕೆ ಹಾಜರಾಗಲು ಹೊರಡುತ್ತೀಯೆ. ಮೊನ್ನೆ ಅಡುಗೆಮನೆಯಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ಅದು ಇಬ್ಬರಿಗೂ ನೆನಪಿದೆ. ಆದರೆ ಅಂದು ನಾನಾಡಿದ ಒಂದು ಮಾತನ್ನು ಹಿಂತೆಗೆದುಕೊಳ್ಳಬೇಕಾಗಿದೆ. "ನಿನ್ನ ಅಜ್ಜ ಊರಿನ ದೀಪ ಕಾಯುತ್ತ ನಮ್ಮನ್ನು ಕತ್ತಲಲ್ಲಿ ಕೂರಿಸಿದರು, ನೀನೂ ಅದೇ ದಾರಿ ಹಿಡಿಯಬೇಡ" ಎಂದೆ. ಅಪ್ಪಯ್ಯ ತೀರಿಕೊಂಡು ಮೂರು ತಿಂಗಳೂ ತುಂಬಿಲ್ಲ. ಆ ಮಾತು ಸುಳ್ಳೆಂದು ನನಗೆ ನಲವತ್ತು ವರ್ಷಗಳಿಂದ ಗೊತ್ತಿದ್ದರೂ ಅದು ನನ್ನ ಬಾಯಿಂದಲೇ ಬಂತು. ನೀನು ಉತ್ತರ ಕೊಡದೆ ಲೋಟ ತೊಳೆದಿಟ್ಟು ಹೊರಗೆ ಹೋದೆ. ನೀನು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಅಜ್ಜನ ಊರು ಮುಳುಗಿದ್ದು, ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿಗೆಲ್ಲ ಹರಿದರೂ ಹಿನ್ನೀರಿನ ದಂಡೆಯ ಎಷ್ಟೋ ಮನೆಗಳು ಬಹಳ ಕಾಲ ಚಿಮಣಿ ದೀಪದಲ್ಲೇ ಉಳಿದದ್ದು, ಆ ಮೇಲೆ ಅವರು ಲೈನ್‌ಮನ್ ಆದದ್ದು, ಇವೆಲ್ಲ ನೀನು ಅವರ ತೊಡೆಯ ಮೇಲೆ ಕೂತು ಕೇಳಿದ ಕಥೆಗಳು. ಬೇಸಿಗೆಯಲ್ಲಿ ನೀರಿಳಿದು ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೇನೂರು ಅಣೆಕಟ್ಟು ಮೇಲೆದ್ದಾಗ ನಮ್ಮನ್ನು ಕರೆದುಕೊಂಡು ಹೋಗಿ, ನೀರಿನತ್ತ ಕೈ ಮಾಡಿ "ಅಲ್ಲಿ ನಮ್ಮ ತೋಟ" ಎನ್ನುತ್ತಿದ್ದುದೂ ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅದನ್ನು ನಾನು ಯಾರಿಗೂ, ನಿನ್ನ ಅಜ್ಜಿಗೂ ಹೇಳಿಲ್ಲ.

1983ರ ಭಾದ್ರಪದ, ನಾನು ಎಂಟನೆಯ ತರಗತಿಯಲ್ಲಿದ್ದೆ. ಸಾರ್ವಜನಿಕ ಗಣಪತಿಯನ್ನು ಗಣಪತಿ ಕೆರೆಗೆ ಬಿಡುವ ದಿನ. ಸಂಜೆಯ ಗಾಳಿಮಳೆಗೆ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಆ ಬೀದಿಯೆಲ್ಲ ಕತ್ತಲಾಗಿತ್ತು. ಮೆರವಣಿಗೆ ಅರ್ಧ ದಾರಿಯಲ್ಲಿ ನಿಂತಿತ್ತು. ಅಪ್ಪಯ್ಯ ಮಧ್ಯಾಹ್ನದಿಂದ ಉಂಡಿಲ್ಲವೆಂದು ಅಮ್ಮ ನನ್ನ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸಿದ್ದಳು. ನಾನು ಕೊಡೆ ಹಿಡಿದು ಜನರ ನಡುವೆ ನುಸುಳಿ ಹೋದಾಗ ಅವರು ಟ್ರಾನ್ಸ್‌ಫಾರ್ಮರಿನ ಫ್ಯೂಸು ತೆಗೆದು ಬಂದು ಕಂಬದ ಬುಡದಲ್ಲಿ ನಿಂತಿದ್ದರು. ಕರೆಂಟು ಇರಲಿಲ್ಲ, ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಂಬ ಹತ್ತಿ ತಂತಿ ಜೋಡಿಸಿದರೆ ಮುಗಿಯಿತು. ಅವರು ಮಾತ್ರ ಹತ್ತದೆ, ಒದ್ದೆ ನೆಲದಲ್ಲಿ ಕಬ್ಬಿಣದ ಗೂಟ ಹೊಡೆದು, ಅದಕ್ಕೆ ಸರಪಳಿಯ ಒಂದು ತುದಿಯನ್ನು ಬಿಗಿದು, ಬಿಗಿದದ್ದನ್ನು ಎಳೆದು ನೋಡಿ, ಮತ್ತೆ ಬಿಚ್ಚಿ ಬಿಗಿಯುತ್ತಿದ್ದರು. ಜನ ಕೂಗತೊಡಗಿದರು. "ಕಂಬ ಹತ್ತಲು ಹೆದರುವವನಿಗೆ ಈ ಕೆಲಸ ಯಾಕೆ" ಎಂದು ಯಾರೋ ಗಟ್ಟಿಯಾಗಿ ಹೇಳಿದರು, ಹಲವರು ನಕ್ಕರು. ನನ್ನ ತರಗತಿಯ ಹುಡುಗಿಯರು ಅಲ್ಲೇ ಇದ್ದರು. ಪುಟ್ಟಿ, ನನಗೆ ಆಗ ಅಪ್ಪಯ್ಯನ ಮೇಲೆ ನಾಚಿಕೆಯಾಯಿತು. ಬೇಗ ಹತ್ತಬಾರದೇ ಎಂದುಕೊಂಡೆ. ಬುತ್ತಿಯನ್ನು ದಾವಣಿಯ ಸೆರಗಿನಲ್ಲಿ ಮುಚ್ಚಿಕೊಂಡು, ನಾನು ಅವರ ಮಗಳೆಂದು ಯಾರಿಗೂ ತಿಳಿಯದಿರಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

ಅವರು ತಿರುಗಿಯೂ ನೋಡದೆ, ಎಲ್ಲರನ್ನೂ ದೂರ ನಿಲ್ಲಿಸಿ, ಸರಪಳಿಯ ಇನ್ನೊಂದು ತುದಿಯನ್ನು ತಂತಿಗಳ ಮೇಲಕ್ಕೆ ಎಸೆದರು. ನೀಲಿ ಬೆಳಕು ಎದ್ದಿತು. ಬೀದಿಯ ಮನೆಗಳ ಹೆಂಚು, ಗಣಪತಿಯ ಕಿರೀಟ, ಜನರ ತೆರೆದ ಬಾಯಿ, ಎಲ್ಲವೂ ಒಂದು ಕ್ಷಣ ಕಂಡು ಮಾಯವಾದವು. ಸುಟ್ಟ ಕಬ್ಬಿಣದ ವಾಸನೆ ಬಂತು. ಆಮೇಲೆ ಕೇಳಿದ್ದು ಮಳೆಯ ಸದ್ದು ಮಾತ್ರ. ಅದೇ ಹೊತ್ತಿಗೆ ಬೀದಿಯ ಕೊನೆಯ ಗಿರಣಿಯೊಂದರಲ್ಲಿ ಜನರೇಟರು ಶುರು ಮಾಡಿದ್ದರಂತೆ. ಮೇನ್ ಸ್ವಿಚ್ಚು ತೆಗೆದಿರಲಿಲ್ಲವಾದ್ದರಿಂದ ಅದರ ಕರೆಂಟು ಹಿಮ್ಮುಖವಾಗಿ ತಂತಿಗೆ ಹರಿದು, ಸರಪಳಿಯ ಮೂಲಕ ನೆಲಕ್ಕಿಳಿದಿತ್ತು. ಜನ ಹೇಳಿದ ಹಾಗೆ, ನಾನೂ ಮನಸ್ಸಿನಲ್ಲಿ ಬೇಡಿಕೊಂಡ ಹಾಗೆ ಅವರು ಹತ್ತಿಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಎಲೆಕ್ಟ್ರಿಕಲ್ ಓದಿದ ನಿನಗೆ ನಾನು ಹೇಳಬೇಕಾಗಿಲ್ಲ.

ಆ ನೀಲಿ ಬೆಳಕನ್ನು ನಾನು ಎಷ್ಟು ಸಲ ಕಂಡಿದ್ದೇನೆಂದರೆ, ನಿನ್ನನ್ನು ಹೆತ್ತ ದಿನ ಆಸ್ಪತ್ರೆಯ ದೀಪ ಒಮ್ಮೆ ಮಿಣುಕಿದಾಗಲೂ ಅದೇ ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದ ಆ ಕಾಲುಗಳನ್ನು ಅದಕ್ಕಿಂತ ಹೆಚ್ಚು ಸಲ ನೆನೆದಿದ್ದೇನೆ. ಅಪ್ಪಯ್ಯ ಗಿರಣಿಗೆ ಹೋಗಿ ಜನರೇಟರು ನಿಲ್ಲಿಸಿ ಬಂದರು. ಯಾರನ್ನೂ ಬೈಯಲಿಲ್ಲ. ಮತ್ತೆ ಸರಪಳಿ ಎಸೆದು ನೋಡಿ, ಹತ್ತಿ, ಕೆಲಸ ಮುಗಿಸಿ ಇಳಿದರು. ಮೆರವಣಿಗೆ ಮುಂದೆ ಹೋದ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ತುತ್ತು ಕಲಸುವಾಗ ಅವರ ಬೆರಳು ನಡುಗುತ್ತಿದ್ದವು. ನಾನು ಅಳುತ್ತಿದ್ದೆ. "ಅಮ್ಮನಿಗೆ ಹೇಳಬೇಡ, ಇನ್ನು ಮಳೆ ಬಂದಾಗಲೆಲ್ಲ ಅವಳು ನಿದ್ದೆ ಮಾಡುವುದಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಮೂರು ಮಕ್ಕಳು ಮನೆಯಲ್ಲಿರುವಾಗ ನಾನು ಅವಸರ ಮಾಡಲಾಗುತ್ತದೆಯೇ?" ಎಂದು ಕೇಳಿದರು.

ಆ ಪ್ರಶ್ನೆಯೊಂದನ್ನು ಬಿಟ್ಟರೆ ಅವರು ನಮ್ಮ ಮೇಲಿನ ಪ್ರೀತಿಯನ್ನು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಊರಿನ ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ ಎಂದು ತಕ್ಕಡಿ ಹಿಡಿದವಳು ನಾನು. ಅವರ ಕೈಯಲ್ಲಿ ಅವೆರಡೂ ಆ ಸರಪಳಿಯ ಎರಡು ತುದಿಗಳಂತೆ ಕೂಡಿಕೊಂಡೇ ಇದ್ದವು. ಹದಿಮೂರನೆಯ ದಿನ ಬಂದಿದ್ದ ಆ ಮುದುಕಿಯನ್ನು ನೀನೂ ನೋಡಿದೆಯಲ್ಲ? ಬಡವರ ಮನೆಗೆ ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆಯಲ್ಲಿ ಅವಳ ಗುಡಿಸಲಿಗೆ ಒಂದು ಬಲ್ಬು ಬಂದ ದಿನ, ಅವಳ ಮಕ್ಕಳು ಸ್ವಿಚ್ಚಿಗೆ ಕೈ ಚಾಚಿದರೆ "ಮೊದಲು ನಾನು ಒತ್ತುತ್ತೇನೆ" ಎಂದು ಅಪ್ಪಯ್ಯ ತಾವೇ ಒತ್ತಿ ನೋಡಿ ಆಮೇಲೆ ಮಕ್ಕಳ ಕೈಗೆ ಬಿಟ್ಟರಂತೆ. ಪರರ ಮಕ್ಕಳಿಗೂ ಅದೇ ನಿಧಾನ. ಅದನ್ನು ಕೇಳುವಾಗ ನನಗೆ ಹೆಮ್ಮೆಯಾಯಿತು, ಆದರೂ ಎರಡೇ ವಾರದಲ್ಲಿ ನಿನ್ನ ನೇಮಕಾತಿ ಪತ್ರ ಬಂದಾಗ ಭಯವೇ ಮೇಲಾಯಿತು.

ಉಪದೇಶ ಮಾಡಬಾರದೆಂದುಕೊಂಡೇ ಬರೆಯಲು ಕೂತೆ. ಆದರೂ ಕೇಳು. ನೀನು ಕಂಬ ಹತ್ತುವವಳಲ್ಲ, ಹತ್ತುವವರಿಗೆ ಅಪ್ಪಣೆ ಕೊಡುವವಳು. ಅದು ಇನ್ನೂ ಭಾರವಾದ ಕೆಲಸ. ಕೆಲಸಕ್ಕೆ ಲೈನು ಬಿಟ್ಟುಕೊಟ್ಟದ್ದನ್ನು ದಾಖಲಿಸುವ ಲೈನ್ ಕ್ಲಿಯರ್ ಪುಸ್ತಕದಲ್ಲಿ ಬರೆಯದೆ, ಯಾರು ಎಲ್ಲಿದ್ದಾರೆಂದು ಖಚಿತವಾಗದೆ, ಫೋನಿನ ಮಾತನ್ನು ನಂಬಿ ಯಾವ ಲೈನಿಗೂ ಕರೆಂಟು ಬಿಡಿಸಬೇಡ. ಸ್ವಿಚ್ಚು ತೆಗೆದ ಮಾತ್ರಕ್ಕೆ ತಂತಿಯಲ್ಲಿ ಏನೂ ಇಲ್ಲವೆಂದು ತಿಳಿಯಬೇಡ. ಈಗ ಅಂಗಡಿ ಅಂಗಡಿಗೂ ಜನರೇಟರು, ಮನೆ ಮನೆಗೂ ಇನ್ವರ್ಟರು ಇರುವುದರಿಂದ, ಕೆಲಸ ಮಾಡುವ ಜಾಗದ ಎರಡೂ ಬದಿಗೆ, ಅಜ್ಜನ ಸರಪಳಿಯಂತೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಹಾಕದೆ ಯಾರೂ ಹತ್ತಕೂಡದೆಂದು ಹಟ ಹಿಡಿ. ಮದುವೆ ಮನೆಯವರು, ಊರಿನ ದೊಡ್ಡವರು, ನಿನ್ನ ಮೇಲಿನ ಅಧಿಕಾರಿಗಳು ಎಲ್ಲರೂ ಅವಸರ ಮಾಡುತ್ತಾರೆ, ಮಾಡಲಿ. ನಿನ್ನ ಲೈನ್‌ಮನ್ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಅವನ ಪಕ್ಕದಲ್ಲಿ ಹೋಗಿ ನಿಲ್ಲು. ಹಿಂದೆ ಸರಿಯಬೇಡ. ವಯಸ್ಸಾದವರನ್ನು ಬಹುವಚನದಲ್ಲೇ ಮಾತನಾಡಿಸು. ಅವರು ಉಂಡಿದ್ದಾರೆಯೇ ಎಂದು ಕೇಳು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಅಜ್ಜನ ರಬ್ಬರ್ ಗ್ಲೌಸು ಬಿರುಕು ಬಿಟ್ಟಿದೆ, ಅದನ್ನು ಬಳಸುವಂತಿಲ್ಲ, ಇಲ್ಲೇ ಇರಲಿ. ಅವರ ಕಟಿಂಗ್ ಪ್ಲೇಯರನ್ನು ನಿನ್ನ ಚೀಲದಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಚಕ್ಕುಲಿಯ ಡಬ್ಬಿ ಮೇಲಿದೆ. ಅಜ್ಜಿಗೆ ಈ ಪತ್ರದ ವಿಷಯ ತಿಳಿಸಬೇಡ, ಅಪ್ಪಯ್ಯನಿಗೆ ಕೊಟ್ಟ ಮಾತು ಅದು. ಆದರೆ ಅಜ್ಜಿಗೆ ಮೊದಲೇ ಎಲ್ಲ ಗೊತ್ತಿತ್ತೇನೋ ಎಂದು ಈಚೆಗೆ ಅನ್ನಿಸುತ್ತಿದೆ. ಇವತ್ತು ಸಂಜೆ ಮಳೆ ಹಿಡಿದಾಗ ಅವಳು ಎದ್ದು ಹೋಗಿ ಜಗಲಿಯ ದೀಪ ಹಾಕಿ ಬಂದಳು. ಈಗ ಹನ್ನೊಂದು ಗಂಟೆ, ಇನ್ನೂ ಆರಿಸಿಲ್ಲ.

ಇಂತು,
ನಿನ್ನ ಅಮ್ಮ