ಕಾವೇರಿ ಕಣಿವೆಗೆ ಪ್ಯಾಕ್‌ರಾಫ್ಟ್ ಇಳಿಸುವ ಮುನ್ನ

ಮಾನ್ಯ ಸಂಪಾದಕರೇ,

ಬೆನ್ನುಚೀಲದಲ್ಲಿ ಮಡಚಿಟ್ಟು ಒಯ್ದು, ನದಿ ಸಿಕ್ಕಿದಲ್ಲಿ ಗಾಳಿ ತುಂಬಿಸಿ ಇಳಿಸಬಹುದಾದ ಮೂರ್ನಾಲ್ಕು ಕಿಲೋ ತೂಕದ ಪ್ಯಾಕ್‌ರಾಫ್ಟ್ ಎಂಬ ಪುಟ್ಟ ದೋಣಿಯ ಮಾತು ಈಗ ಮೈಸೂರಿನ ಚಾರಣಿಗರ ನಡುವೆಯೂ ಕೇಳಿಬರುತ್ತಿದೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಮಳೆಕಾಡುಗಳಲ್ಲಿ ದಿನಗಟ್ಟಲೆ ನಡೆದು, ಫ್ರಾಂಕ್ಲಿನ್ ನದಿಯಲ್ಲಿ ತೇಲಿ ಬರುವವರ ವಿಡಿಯೊ ನೋಡಿದ ಯುವಕರಿಗೆ ಶಿವನಸಮುದ್ರದ ಕೆಳಗಿನಿಂದ ಭೀಮೇಶ್ವರಿ, ಮುತ್ತತ್ತಿ ಹಾದು ಅರ್ಕಾವತಿ ಸೇರುವ ಸಂಗಮದವರೆಗೆ ಕಾವೇರಿಯಲ್ಲಿಯೂ ಹಾಗೆಯೇ ಸಾಗುವ ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿನವರು ಪಾಲಿಸುವ ಶಿಸ್ತು ಆ ವಿಡಿಯೊಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಫ್ರಾಂಕ್ಲಿನ್‌ಗೆ ಅಣೆಕಟ್ಟಿಲ್ಲ. ಜೋರು ಮಳೆಯಾದರೆ ನೀರು ಕೆಲವೇ ಗಂಟೆಗಳಲ್ಲಿ ಏರಿಬಿಡುತ್ತದೆ. ಆಳವಾದ ಕಮರಿಗಳಿಂದ ನಡುವೆ ಹೊರಬರುವ ದಾರಿಗಳೂ ವಿರಳ. ಆದ್ದರಿಂದ ಅಲ್ಲಿ ಹೋಗುವವರು ಹೆಚ್ಚುವರಿ ದಿನಗಳ ಆಹಾರ ಹೊತ್ತು, ನೀರು ಇಳಿಯುವವರೆಗೆ ದಡದಲ್ಲಿಯೇ ಕಾಯುತ್ತಾರೆ. ನೀರು ಅಪಾಯಕಾರಿ ರಭಸದಿಂದ ನುಗ್ಗುವ ಕಡೆ ದೋಣಿಯನ್ನು ಹೊತ್ತು ಬಂಡೆಗಳ ಮೇಲಿನಿಂದ ದಾಟಿಸುತ್ತಾರೆ. ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ, ಅಡುಗೆಗೆ ಸ್ಟೌ ಮಾತ್ರ. ಗಿಡಗಳ ಬೇರು ಕೊಳೆಸುವ ರೋಗ ಹರಡದಂತೆ ಬೂಟು, ಡೇರೆ, ದೋಣಿಗಳನ್ನು ತೊಳೆದು ಒಣಗಿಸಿಯೇ ಒಳಗೆ ಹೋಗಬೇಕು.

ನಮ್ಮ ಕಾವೇರಿಯ ಕಷ್ಟವೇ ಬೇರೆ. ಇಲ್ಲಿ ತಲೆಯ ಮೇಲೆ ಮೋಡವಿಲ್ಲದಿದ್ದರೂ ಕೆ.ಆರ್.ಎಸ್. ಅಥವಾ ಕಬಿನಿಯಿಂದ ನೀರು ಬಿಟ್ಟರೆ ಹರಿವು ಏರುತ್ತದೆ. ಶಿವನಸಮುದ್ರದ ವಿದ್ಯುದಾಗಾರದ ಕೆಲಸಕ್ಕೆ ತಕ್ಕಂತೆಯೂ ಅದು ಬದಲಾಗುತ್ತದೆ. ಬಂಡೆಗಳ ನಡುವಿನ ಸುಳಿಗಳು, ಮೊಸಳೆಗಳು, ಸಂಜೆ ನೀರಿಗಿಳಿಯುವ ಆನೆಗಳು ಇದ್ದೇ ಇವೆ. ಮುತ್ತತ್ತಿಯಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿಯನ್ನು ತಮ್ಮ ಪತ್ರಿಕೆಯ ಓದುಗರು ಮತ್ತೆ ಮತ್ತೆ ಓದಿದ್ದಾರೆ. ಇನ್ನೊಂದು ತೊಡಕೂ ಇದೆ. ವಿದೇಶಿ ಚಾರಣಿಗರು ಸದಾ ಜೊತೆಗಿಟ್ಟುಕೊಳ್ಳುವ ಉಪಗ್ರಹ ಸಂದೇಶ ಸಾಧನವನ್ನು ಪರವಾನಗಿಯಿಲ್ಲದೆ ಹೊಂದಿರುವುದು ನಮ್ಮ ದೇಶದಲ್ಲಿ ಅಪರಾಧ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಜೊತೆಗೆ ಇದು ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಪ್ರವಾಸಕ್ಕೂ ಅನುಮತಿ ಪಡೆದೇ ಒಳಹೋಗಬೇಕು.

ಹಾಗೆಂದು ಪೂರ್ತಿ ನಿಷೇಧಿಸಿದರೆ ಕದ್ದು ಹೋಗುವವರು ಹೆಚ್ಚುತ್ತಾರೆ, ಅಷ್ಟೇ. ಮೇಲಾಗಿ ನದಿಯಲ್ಲಿ ತೇಲಿ ಬಂದವರೇ ನದಿಯ ಪರ ನಿಂತ ಉದಾಹರಣೆಯೂ ಫ್ರಾಂಕ್ಲಿನ್‌ನಲ್ಲಿದೆ. 1976ರಲ್ಲಿ ರಬ್ಬರ್ ದೋಣಿಯಲ್ಲಿ ಆ ನದಿಯನ್ನು ಇಳಿದ ವೈದ್ಯ ಬಾಬ್ ಬ್ರೌನ್ ಮುಂದೆ ಅಣೆಕಟ್ಟು ವಿರೋಧಿ ಚಳವಳಿಯನ್ನು ಮುನ್ನಡೆಸಿದರು. 1983ರಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟು ನಾಲ್ಕು-ಮೂರರ ಬಹುಮತದಿಂದ ನೀಡಿದ ತೀರ್ಪಿನಿಂದ ಯೋಜನೆ ನಿಂತಿತು.

ಚಾರಣಪಥಗಳಿಗೆ ಆನ್‌ಲೈನ್ ಬುಕಿಂಗ್ ಹಾಗೂ ದಿನದ ಮಿತಿ ತಂದಿರುವ ಅರಣ್ಯ ಇಲಾಖೆಯು ಮಳೆಗಾಲ ಕಳೆದ ತಿಂಗಳುಗಳಿಗೆ ಮಾತ್ರ ಅನ್ವಯಿಸುವಂತೆ, ಸಣ್ಣ ತಂಡಗಳಿಗೆ ಈ ನದಿದಾರಿಯಲ್ಲಿಯೂ ಅಂಥದೇ ವ್ಯವಸ್ಥೆ ಮಾಡಬಹುದು. ಸುಳಿ ಎಲ್ಲಿದೆ, ಯಾವ ಬಂಡೆ ನೀರಿನಡಿ ಅಡಗಿದೆ ಎಂಬುದು ಅಂಗೈಯಂತೆ ಗೊತ್ತಿರುವ ನದಿತೀರದ ತೆಪ್ಪದವರನ್ನು ಸಂಬಳ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ಹೊರಡುವ ಮತ್ತು ಮರಳುವ ವೇಳೆಯನ್ನು ನೋಂದಾಯಿಸಿ, ಗಡುವು ಮೀರಿದರೆ ತಕ್ಷಣ ಹುಡುಕಾಟ ಶುರುವಾಗುವಂತಿರಬೇಕು. ನೀರು ಬಿಡುವ ವೇಳಾಪಟ್ಟಿಯನ್ನು ಜಲಾಶಯ ಹಾಗೂ ವಿದ್ಯುದಾಗಾರದವರು ಹಿಂದಿನ ಸಂಜೆಯೇ ಅರಣ್ಯ ತನಿಖಾ ಠಾಣೆಗೆ ತಿಳಿಸಬೇಕು. ಈ ಕುರಿತು ಮಂಡ್ಯ ಜಿಲ್ಲಾಡಳಿತವು ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳ ಸಭೆಯನ್ನು ಬೇಗನೆ ಕರೆಯಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಮೈಸೂರು