ಆಟ ಬಿಟ್ಟ ಮೇಲಿನ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಆಟಗಾರ್ತಿಯೊಬ್ಬಳು ನಿವೃತ್ತಿ ಹೇಳಿದ ದಿನ ಕ್ರೀಡಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ಎಷ್ಟು ಪಂದ್ಯ, ಎಷ್ಟು ಪದಕ ಅಂತ ನಾಲ್ಕು ಸಾಲು. ಅಲ್ಲಿಗೆ ಮುಗಿಯಿತು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2025ರ ಜುಲೈನಲ್ಲಿ ಕ್ರಿಕೆಟ್‌ಗೆ ವಿದಾಯ ಹೇಳಿದಾಗಲೂ ಹೆಚ್ಚುಕಡಿಮೆ ಹೀಗೇ ಆಯಿತು. 2017ರ ವಿಶ್ವಕಪ್ ಫೈನಲ್ ಆಡಿದ ಹುಡುಗಿ, ನಮ್ಮೂರಿನವಳು ಅಂತ ಎಲ್ಲರೂ ಹೆಮ್ಮೆಪಟ್ಟೆವು, ಮರುದಿನ ಬೇರೆ ಸುದ್ದಿ. ಇಂಥವರು ಕಲಿತದ್ದು ಮುಂದೆ ಯಾರಿಗೆ ಸಿಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಇದನ್ನು ಬರೆಯಬೇಕು ಅನ್ನಿಸಿದ್ದು ಅಮೆರಿಕದ ಐಸ್ ಹಾಕಿ ಆಟಗಾರ್ತಿ ಕೇಟಿ ಕಿಂಗ್ ಕ್ರೌಲಿ ಬಗ್ಗೆ ಓದಿದ ಮೇಲೆ. ಕಾಫಿ ಸೀಮೆಯವರಿಗೆ ಐಸ್ ಹಾಕಿ ದೂರದ ಆಟ, ನಿಜ. ಆದರೆ ಈಕೆಯ ಕಥೆ ಕೇಳಿ. ಹೆಂಗಸರ ಐಸ್ ಹಾಕಿ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದಿದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಅಲ್ಲಿ ಕೆನಡಾವನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಈಕೆ ಇದ್ದರು. 2002ರಲ್ಲಿ ಬೆಳ್ಳಿ. 2006ರಲ್ಲಿ ಸೆಮಿಫೈನಲ್‌ನಲ್ಲಿ ಸ್ವೀಡನ್ ಎದುರು ಸೋತರು, ಯಾರೂ ಊಹಿಸಿರದ ಸೋಲು ಅದು. ಅಂಥ ಸೋಲಾದ ಮೇಲೆ ಕಂಚಿನ ಪಂದ್ಯಕ್ಕೆ ಇಳಿಯುವುದೇ ಕಷ್ಟ, ಅಲ್ವಾ? ಕೇಟಿ ಇಳಿದರು, ಫಿನ್ಲೆಂಡ್ ಮೇಲೆ ತಂಡ ಹೊಡೆದ ನಾಲ್ಕು ಗೋಲಿನಲ್ಲಿ ಮೂರು ಅವರೊಬ್ಬರದೇ. ಚಿನ್ನ, ಬೆಳ್ಳಿ, ಕಂಚು ಮೂರೂ ಆಯಿತು.

ನಮ್ಮಲ್ಲಾಗಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ 2007ರಲ್ಲಿ ಅವರು ಬಾಸ್ಟನ್ ಕಾಲೇಜು ಹುಡುಗಿಯರ ತಂಡಕ್ಕೆ ಮುಖ್ಯ ಕೋಚ್ ಆದರು. ಒಲಿಂಪಿಕ್ಸ್ ಆಡಿದ ವರ್ಷಗಳಿಗಿಂತ ಕೋಚ್ ಆಗಿ ಕಳೆದ ವರ್ಷಗಳೇ ಜಾಸ್ತಿ. 2015-16ರಲ್ಲಿ ಅವರ ಹುಡುಗಿಯರು ಸಾಲಾಗಿ 40 ಪಂದ್ಯ ಗೆದ್ದು, ರಾಷ್ಟ್ರೀಯ ಫೈನಲ್‌ನಲ್ಲಿ ಮಿನ್ನೆಸೋಟಾ ಎದುರು ಸೋತರು. ಇಡೀ ಸೀಸನ್‌ಗೆ ಅದೊಂದೇ ಸೋಲು. ಆ ಆಟದಲ್ಲಿ ಕೋಚ್ ಸುಮ್ನೆ ನಿಂತು ನೋಡುವ ಹಾಗಿಲ್ಲ. ಗೋಲ್‌ಕೀಪರ್ ಬಿಟ್ಟರೆ ಐದೇ ಜನ ಅಂಗಳದಲ್ಲಿ ಇರುತ್ತಾರೆ, ಒಂದು ನಿಮಿಷವೂ ಆಗುವುದಿಲ್ಲ, ಅವರು ಸುಸ್ತಾಗಿ ಬೆಂಚಿಗೆ ಬರುತ್ತಾರೆ, ಆಟ ನಡೆಯುತ್ತಿರುವಾಗಲೇ ಬೇರೆಯವರು ಜಿಗಿದು ಇಳಿಯುತ್ತಾರೆ. ಯಾರು ಯಾವಾಗ ಇಳಿಯಬೇಕು ಅಂತ ಬೆಂಚಿನ ಹಿಂದೆ ನಿಂತ ಕೋಚ್ ಕೂಗಿ ಹೇಳಬೇಕು. ತಾನೂ ಆಡಿ ಬಂದ ಕೋಚ್‌ಗೆ ಹುಡುಗಿಯ ಕಾಲು ಸೋತಿದೆ ಅನ್ನೋದು ಮುಖ ನೋಡಿದರೇ ತಿಳಿಯುತ್ತದೆ.

ಈಗ ಇನ್ನೂ ಮುಂದೆ ಹೋಗಿದೆ. ಕೆನಡಾ ಪರ ಆಡಿದ್ದ ಜೆಸಿಕಾ ಕ್ಯಾಂಪ್‌ಬೆಲ್ 2024ರಲ್ಲಿ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸಿಯಾಟಲ್ ಕ್ರಾಕನ್ ತಂಡದ ಸಹಾಯಕ ಕೋಚ್ ಆದರು. ಗಂಡಸರ ಆ ಲೀಗ್‌ನಲ್ಲಿ ಪೂರ್ಣಾವಧಿ ಸಹಾಯಕ ಕೋಚ್ ಆದ ಮೊದಲ ಹೆಂಗಸು ಅವರು. ನಮ್ಮ ದೇಶದ ಹುಡುಗಿಯರೂ ಹಿಂದೆ ಬಿದ್ದಿಲ್ಲ, ಹೆಚ್ಚಾಗಿ ಲಡಾಖ್‌ನವರೇ ಇರುವ ತಂಡ 2025ರ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ನನ್ನ ತಂಗಿಯ ಮಗಳು ಕೊಕ್ಕೊ ಆಡಲು ಹೋಗಿದ್ದಳು. ಚೆನ್ನಾಗಿ ಓಡುವ ಹುಡುಗಿ. ಅವತ್ತು ಬೆಳಿಗ್ಗೆ ಮುಟ್ಟಾಗಿತ್ತು, ಹೊಟ್ಟೆನೋವು. ಜೊತೆಗೆ ಬಂದಿದ್ದವರು ಮೇಷ್ಟ್ರು, ಒಳ್ಳೆಯವರೇ, ಆದರೆ ಅವರಿಗೆ ಹೇಗೆ ಹೇಳೋದು? ಬಾಯಿ ಬಿಡದೆ ಆಡಿದಳು, ಮೊದಲ ಸುತ್ತಲ್ಲೇ ಔಟಾದಳು, ಎಲ್ಲರ ಎದುರು ಬೈಸಿಕೊಂಡಳು. ಮುಂದಿನ ವರ್ಷ ಹೆಸರೇ ಕೊಡಲಿಲ್ಲ. ಮನೆಯಲ್ಲೂ ಎಸ್‌ಎಸ್‌ಎಲ್‌ಸಿ ಬಂತು, ಓದಿಕೊ ಅಂದರು. ಮೈದಾನದಲ್ಲಿ ಆಡಿ ಬಂದ ಒಬ್ಬ ಹೆಂಗಸು ಜೊತೆಗಿದ್ದಿದ್ದರೆ ಆ ಹುಡುಗಿ ಬಾಯಿ ಬಿಟ್ಟು ಹೇಳುತ್ತಿದ್ದಳು. ಇವತ್ತಿಗೂ ಆಡುತ್ತಿದ್ದಳೋ ಏನೋ.

ರಾಜ್ಯ ಮಟ್ಟದಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡಿದ ಹೆಣ್ಣುಮಕ್ಕಳು ನಮ್ಮ ಕಡೆ ಇಲ್ಲ ಅನ್ನಬೇಡಿ. ಇದ್ದಾರೆ. ಮದುವೆಯಾಗಿ, ಅಂಗಡಿ, ತೋಟ ನೋಡಿಕೊಂಡು ಇದ್ದಾರೆ, ಸರ್ಟಿಫಿಕೇಟ್ ಪೆಟ್ಟಿಗೆಯಲ್ಲಿದೆ. ಅವರನ್ನು ಕರೆದು, ತರಬೇತಿ ಕೊಟ್ಟು, ಸಂಬಳ ಕೊಟ್ಟು ತಾಲ್ಲೂಕಿಗೆ ಒಬ್ಬರನ್ನಾದರೂ ಕೋಚ್ ಮಾಡಲಿ ಅಂತ ಕ್ರೀಡಾ ಇಲಾಖೆಯನ್ನು ಕೇಳುತ್ತಿದ್ದೇನೆ. ಗೌರವಧನ ಅಂತ ಚಿಲ್ಲರೆ ಕೊಟ್ಟರೆ ಆಗುವುದಿಲ್ಲ, ಮನೆ ಬಿಟ್ಟು ಮೈದಾನಕ್ಕೆ ಬರಬೇಕಾದರೆ ಅದು ಕೆಲಸ ಅನ್ನಿಸಿಕೊಳ್ಳಬೇಕು.

ನಿಮ್ಮಲ್ಲೂ ಒಂದು ಕೋರಿಕೆ. ಈ ಸಲ ಹೋಬಳಿ ಕ್ರೀಡಾಕೂಟ ಶುರುವಾದಾಗ ವರದಿಗಾರರನ್ನು ಕಳಿಸಿ. ಯಾವ ಶಾಲೆ ಗೆದ್ದಿತು ಅಂತ ಬರೆಯುವ ಜೊತೆಗೆ, ಹುಡುಗಿಯರ ತಂಡಗಳಲ್ಲಿ ಎಷ್ಟರ ಜೊತೆ ಹೆಣ್ಣು ಕೋಚ್ ಬಂದಿದ್ದರು ಅಂತಲೂ ಎಣಿಸಿ ಹಾಕಿ.

– ನಿಮ್ಮ ಓದುಗಾರ್ತಿ, ಕಡೂರು, ಚಿಕ್ಕಮಗಳೂರು ಜಿಲ್ಲೆ