ನಿರ್ಬಂಧ ಇರಲಿ, ಅನ್ನ-ಔಷಧಿಗೆ ದಾರಿ ಬಿಡಿ

ಮೈಸೂರು-ಕೊಡಗು ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ. ಲೋಕಸಭೆಯಲ್ಲಿ ನೀವು ಒಂದು ವಿಷಯ ಎತ್ತಬೇಕೆಂದು ಕೇಳಿಕೊಳ್ಳಲು ಈ ಪತ್ರ. ರಸ್ತೆ, ಕುಡಿಯುವ ನೀರಿನ ವಿಷಯವಲ್ಲ. ದೇಶ, ಸಂಘಟನೆಗಳ ಹಣ-ವ್ಯಾಪಾರ ತಡೆಯಲು ವಿಶ್ವಸಂಸ್ಥೆ ಹೇರುವ ನಿರ್ಬಂಧಗಳದ್ದು.

ಇದಕ್ಕೂ ಮೈಸೂರಿಗೂ ಸಂಬಂಧ ಇದೆ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಸೇರಿದಾಗ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಆಫ್ಘನ್ ವಿದ್ಯಾರ್ಥಿಗಳು ಕಂಗಾಲಾದರು. ಆಫ್ಘಾನಿಸ್ತಾನದ ಬ್ಯಾಂಕುಗಳು ಬಾಗಿಲು ಹಾಕಿದ್ದವು. ಆ ದೇಶದ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರನ್ನು ಅಮೆರಿಕ ತಡೆಹಿಡಿಯಿತು. ತಾಲಿಬಾನ್ ನಾಯಕರ ಮೇಲೆ ನಿರ್ಬಂಧ ಇರಲೇಬೇಕಿತ್ತು. ಆದರೆ ಅವರೇ ಸರ್ಕಾರವಾಗಿ ಕೂತ ಮೇಲೆ ಆಸ್ಪತ್ರೆಯ ನರ್ಸ್‌ಗೆ ಸಂಬಳ ಕೊಡಲೂ ನೆರವಿನ ಸಂಸ್ಥೆಗಳು ಹೆದರಿದವು. ಆ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2615ನೇ ನಿರ್ಣಯ ಮಾಡಿ ನೆರವಿಗೆ ದಾರಿ ಬಿಟ್ಟಿತು. ಭಾರತವೂ ಒಪ್ಪಿತು. ಮುಂದಿನ ಫೆಬ್ರವರಿಯಲ್ಲಿ ನಮ್ಮ ಗೋಧಿ ಅಟ್ಟಾರಿ ಗಡಿಯಿಂದ ಹೊರಟಿತು.

ನಿರ್ಬಂಧವನ್ನು ಗುರಿ ನೋಡಿ ಹಾಕಬಹುದು. ಸೊಮಾಲಿಯಾದಲ್ಲಿ ಅಲ್-ಶಬಾಬ್ ಉಗ್ರರು ಮರ ಕಡಿಸಿ, ಇದ್ದಿಲು ಸುಡಿಸಿ, ಕೊಲ್ಲಿ ದೇಶಗಳಿಗೆ ಹೋಗುವ ಹಡಗುಗಳಿಂದ ದುಡ್ಡು ಮಾಡುತ್ತಿದ್ದರು. 2012ರಲ್ಲಿ ಮಂಡಳಿ ಆ ಇದ್ದಿಲನ್ನೇ ನಿಷೇಧಿಸಿತು. ಅದಕ್ಕೆ ಎರಡು ವರ್ಷ ಮೊದಲೇ, ಹಸಿದವರಿಗೆ ನೆರವು ಒಯ್ಯುವವರಿಗೆ ಅಲ್ಲಿನ ನಿರ್ಬಂಧದಿಂದ ವಿನಾಯಿತಿ ಕೊಟ್ಟಿತ್ತು. ಇರಾಕ್‌ನಲ್ಲಿ 1990ರಲ್ಲಿ ಹೀಗೆ ಮಾಡಲಿಲ್ಲ. ಹೆಚ್ಚುಕಡಿಮೆ ಇಡೀ ದೇಶದ ವ್ಯಾಪಾರವನ್ನೇ ನಿಲ್ಲಿಸಿದರು. ಅಲ್ಲಿನ ಅಧ್ಯಕ್ಷ ಸದ್ದಾಂ ಗದ್ದುಗೆಯಲ್ಲೇ ಉಳಿದ, ಬಡವರು ಬೆಂದರು.

2022ರ ಡಿಸೆಂಬರ್ 9ರಂದು ಬಂದ 2664ನೇ ನಿರ್ಣಯ ನೆರವಿಗೆ ಕೊಡುವ ಈ ವಿನಾಯಿತಿಯನ್ನು ವಿಶ್ವಸಂಸ್ಥೆಯ ಎಲ್ಲ ಆಸ್ತಿ ಸ್ತಂಭನಗಳಿಗೂ (ಹಣ-ಆಸ್ತಿ ಬಳಸದಂತೆ ತಡೆಯುವ ಕ್ರಮಗಳಿಗೂ) ವಿಸ್ತರಿಸಿತು. ಪರವಾಗಿ 14 ಮತ. ಮತ ಹಾಕದೆ ಉಳಿದದ್ದು ಭಾರತ ಒಂದೇ, ಅದೂ ಮಂಡಳಿಯ ಅಧ್ಯಕ್ಷ ಸ್ಥಾನ ನಮ್ಮದೇ ಇದ್ದ ತಿಂಗಳಲ್ಲಿ. ದಾನದ ಹೆಸರಿನಲ್ಲಿ ಉಗ್ರರು ಹಣ ಎತ್ತುತ್ತಾರೆ ಎಂಬುದು ನಮ್ಮ ಆತಂಕವಾಗಿತ್ತು. ಅದು ಸುಮ್ನೆ ಹುಟ್ಟಿದ ಭಯವಲ್ಲ, ನೆರೆಯ ದೇಶದಲ್ಲಿ ಕಂಡಿದ್ದೇವೆ. ಆದರೆ ಆ ನಿರ್ಣಯ ಶಸ್ತ್ರಾಸ್ತ್ರ ನಿಷೇಧವನ್ನು ಮುಟ್ಟಿಲ್ಲ. ನಿರ್ಬಂಧದ ಪಟ್ಟಿಯಲ್ಲಿರುವವರಿಗೆ ಆದಷ್ಟು ಲಾಭ ಆಗದಂತೆ ನೋಡಿಕೊಳ್ಳಿ ಎಂದೂ ಅದರಲ್ಲೇ ಹೇಳಿದೆ.

ಕಾಗದದ ಮೇಲೆ ವಿನಾಯಿತಿ ಇದ್ದರೆ ಸಾಲದು, ಅಲ್ವಾ? ನಿರ್ಬಂಧಿತ ದೇಶದ ಹೆಸರು ಕಂಡ ಕೂಡಲೇ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ದಂಡದ ಭಯ ಅವಕ್ಕೆ ಜಾಸ್ತಿ. ಪಕ್ಕದ ನಂಜನಗೂಡಿನಲ್ಲಿ ಔಷಧಿ ತಯಾರಾಗುತ್ತದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಆಪತ್ತಿನ ಕಾಲದ ಆಹಾರ ತಯಾರಿಸುವುದು ಗೊತ್ತು. ಇಂಥ ಮಾಲಿನ ಹಣವೇ ಬ್ಯಾಂಕಿನಲ್ಲಿ ಸಿಕ್ಕಿಕೊಂಡರೆ ಅದನ್ನು ಯಾರು ಕಳಿಸುತ್ತಾರೆ?

ಆದ್ದರಿಂದ ವಿದೇಶಾಂಗ ಮತ್ತು ಹಣಕಾಸು ಸಚಿವರನ್ನು ದಯವಿಟ್ಟು ಕೇಳಿ. ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಇಲ್ಲಿ ಜಾರಿಗೆ ತರಲು 1947ರ ಕಾಯ್ದೆ ಇದೆ. ಅದರಡಿಯ ಆದೇಶಗಳಲ್ಲಿ 2664ರ ವಿನಾಯಿತಿ ಸ್ಪಷ್ಟವಾಗಿ ಸೇರಿದೆಯೇ? ಯಾವ ಹಣ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಬ್ಯಾಂಕಿನ ಶಾಖೆಗೂ ಅರ್ಥವಾಗುವ ಹಾಗೆ ರಿಸರ್ವ್ ಬ್ಯಾಂಕ್ ಬರೆದು ಕೊಡುತ್ತದೆಯೇ? ಹಣ ತಡೆದರೆ ಎಷ್ಟು ದಿನದೊಳಗೆ ಕಾರಣ ತಿಳಿಸಬೇಕು? ಉತ್ತರವನ್ನು ಲಿಖಿತವಾಗಿ ಪಡೆದು ನಮ್ಮ ಮುಂದಿಡಿ.

ಇತಿ,
ಕುವೆಂಪುನಗರದ ಒಬ್ಬ ಮತದಾರ, ಮೈಸೂರು